ಹಸಿರು ಬೂಷ್ಟು ಹಚ್ಚಿದ ಬೀಜ

ಘೋಣಸಗಿಯ ಆ ಹೊಲಕ್ಕೆ ನಾನು ಮತ್ತೆ ಹೋದಾಗ ಅದರ ಯಜಮಾನ ತೀರಿಕೊಂಡು ಕೆಲವು ತಿಂಗಳಾಗಿತ್ತು. ಎಪ್ಪತ್ತರ ದಶಕದ ಕೊನೆ ಅದು. ವಿಜಾಪುರದಲ್ಲಿ ಮನೆ ಮಾಡಿಕೊಂಡು, ಟಿಕೋಟಾ, ಬಬಲೇಶ್ವರ ಕಡೆಯ ರೈತರಿಂದ ಗೋವಿನಜೋಳದ ಬಿತ್ತನೆ ಬೀಜ ಬೆಳೆಸುವುದು ನನ್ನ ನೌಕರಿ.

ಬಿತ್ತುವ ಮೊದಲು ಬೀಜಕ್ಕೆ ಪಾದರಸ ಬೆರೆತ ಗುಲಾಬಿ ಪುಡಿ ಹಚ್ಚುತ್ತಿದ್ದರು. ಹಚ್ಚದಿದ್ದರೆ ಬೂಷ್ಟು ಹತ್ತಿ ಬೀಜ ಮಣ್ಣಿನಲ್ಲೇ ಕೊಳೆಯುತ್ತಿತ್ತು. ಯಜಮಾನ ತನ್ನದಷ್ಟೇ ಅಲ್ಲ, ಊರವರ ಬೀಜವನ್ನೂ ಬರಿಗೈಯಲ್ಲೇ ಕಲಸಿಕೊಡುತ್ತಿದ್ದ. ವರ್ಷಗಳು ಹೋದಂತೆ ಕೈ ನಡುಗತೊಡಗಿತು, ಮಾತು ತೊದಲಿತು, ನಡೆದರೆ ಓಲಾಡುತ್ತಿದ್ದ, ಬದಿಯಲ್ಲಿದ್ದುದು ಕಣ್ಣಿಗೆ ಕಾಣದಾಯಿತು. ಕುಡಿತ ಎಂದರು ಊರವರು. ಆತ ಒಂದು ತೊಟ್ಟೂ ಮುಟ್ಟಿದವನಲ್ಲ. ವಿಜಾಪುರದ ಆಸ್ಪತ್ರೆಗೆ ನೋಡಲು ಹೋದಾಗ, ಮಗ್ಗುಲಲ್ಲೇ ನಿಂತ ನನ್ನನ್ನು ಕಾಣದೆ, "ಯಾರ ಬಂದಾರ?" ಎಂದು ಹೆಂಡತಿಯನ್ನು ಕೇಳಿದ. ಆ ದನಿ ಇಂದಿಗೂ ಒಮ್ಮೊಮ್ಮೆ ನನ್ನ ಬೆನ್ನ ಹಿಂದೆ ಕೇಳಿಸುತ್ತದೆ.

ಆತ ಹೋದ ಮೇಲೆ ಹೆಂಡತಿಯೇ ಹೊಲ ನೋಡಿಕೊಳ್ಳುತ್ತಿದ್ದಳು.

"ಆ ಪುಡಿ ನಮ್ಮ ಹೊಲಕ್ಕ ತರಬ್ಯಾಡ್ರಿ, ಸಾಹೇಬ್ರ. ಬೀಜ ಕೊಳತ್ರ ಕೊಳೀಲಿ."

"ತಂದಿಲ್ರಿ ಅಕ್ಕಾರ. ಇದು ಬ್ಯಾರೆ ಐತಿ."

ಕೃಷಿ ಕಾಲೇಜಿನ ಮಾಸ್ತರರೊಬ್ಬರು ಬೇಯಿಸಿದ ಜೋಳದ ಮೇಲೆ ಬೆಳೆಸಿ, ಪುಡಿ ಮಾಡಿ, ಪರೀಕ್ಷೆಗೆಂದು ಚೀಲದಲ್ಲಿ ಕೊಟ್ಟ ಹಸಿರು ಬೂಷ್ಟು ಅದು. ಮಣ್ಣಿನಲ್ಲಿ ಇರುವಂಥದ್ದೇ. ಬೀಜ ಕೊಳೆಸುವ ಬೂಷ್ಟನ್ನು ತಿಂದು ಬದುಕುತ್ತದೆ ಎಂದಿದ್ದರು.

ಆಕೆ ಚೀಲ ಮೂಸಿದಳು. "ಮಳಿ ಬಿದ್ದ ಮಣ್ಣಿನ ವಾಸನಿ ಐತಿ. ಇದರಿಂದ ಕೈ ನಡಗೂದಿಲ್ಲ ಹೌದಲ್ರಿ?"

"ಇಲ್ರಿ" ಎಂದು ಮೊದಲು ನಾನೇ ಕೈ ಹಾಕಿದೆ.

ಅಂಟಲೆಂದು ಗಂಜಿ ಚಿಮುಕಿಸಿ, ಹಸಿರು ಪುಡಿ ಉದುರಿಸಿ ಇಬ್ಬರೂ ಬೀಜ ಕಲಸಿದೆವು. ತಳದಿಂದ ಎತ್ತಿ ಬದಿಗೆ ಸುರಿಯುವ ಆಕೆಯ ಕೈ ಥೇಟ್ ಗಂಡನ ಕೈಯಂತೆಯೇ ಹೊರಳುತ್ತಿತ್ತು. ಒಮ್ಮೆಲೇ ಆಕೆ ಬೇವಿನ ಗಿಡದತ್ತ ನೋಡಿದಳು.

"ಅಲ್ಲೇ ಕುಂತಾನ ನೋಡ್ರಿ. ಬಿತ್ತೂ ದಿನ ಬರದ ಹ್ಯಾಂಗ ಇರತಾನ?"

ನಡು ಹಗಲು. ಅಲ್ಲಿ ಯಾರೂ ಇರಲಿಲ್ಲ. ಆದರೂ ಆ ಕಡೆ ಬೆನ್ನು ಮಾಡಿ ಕೂರಲು ನನ್ನಿಂದಾಗಲಿಲ್ಲ. ಜರುಗಿ ಕುಳಿತೆ.

ಹೋಲಿಕೆಗೆಂದು ಏನೂ ಹಚ್ಚದೆ ಬಿತ್ತಿದ ಸಾಲುಗಳಲ್ಲಿ ಮೊಳಕೆ ಅಲ್ಲೊಂದು ಇಲ್ಲೊಂದು ಬಂತು. ಕೆದರಿದರೆ ಬೀಜ ಬಿಳಿ ನೂಲು ಸುತ್ತಿಕೊಂಡು ಮೆತ್ತಗಾಗಿತ್ತು. ಹಸಿರು ಹಚ್ಚಿದ ಸಾಲುಗಳು ತುಂಬಿ ಎದ್ದವು. ಮುಂದೆ ಕೆಲವು ದಂಟು ಬುಡ ಕೊಳೆತು ಬಿದ್ದವಾದರೂ ತೆನೆ ಗಟ್ಟಿಯಾಗಿ ಬಂದು ಬೀಜ ಪರೀಕ್ಷೆಯಲ್ಲಿ ಪಾಸಾಯಿತು.

ಸುಗ್ಗಿಯ ದಿನ ತೆನೆ ಸುಲಿಯುತ್ತ ಆಕೆ ಕೇಳಿದಳು: "ಇದು ಮೊದಲ ಬಂದಿದ್ರ ಅಂವ ಉಳೀತಿದ್ದನೇನ್ರಿ?"

ಡಾಕ್ಟರು ಪುಡಿಯ ಮಾತನ್ನೇ ಎತ್ತಿರಲಿಲ್ಲ. "ಗೊತ್ತಿಲ್ರಿ ಅಕ್ಕಾರ. ಉಳೀತಿದ್ದ ಅಂತ ನನಗ ಅನಸ್ತೈತಿ."

ಆಕೆ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ತೆನೆ ಎತ್ತಿಕೊಂಡಳು.

ಮರುವರ್ಷ ಆ ಬೂಷ್ಟನ್ನು ಬೆಳೆಸಲು ತಾನೇ ಕಲಿತು ನೆರೆಯವರಿಗೂ ಕೊಟ್ಟಳು. ಬಬಲೇಶ್ವರದ ಹೊಲಗಳಲ್ಲಿ ಮಾತ್ರ ಗುಲಾಬಿ ಪುಡಿಯೇ ನಡೆದಿತ್ತು. "ಬರಿಗೈ ಹಾಕಬ್ಯಾಡ್ರಿ" ಎಂದರೆ ಅಲ್ಲಿಯವರು ನಗುತ್ತಿದ್ದರು. ಅವರು ಕಲಸಿ ಮುಗಿಸುವವರೆಗೂ ನಾನು ಅಲ್ಲಿಂದ ಕದಲಲಾರದೆ ನಿಂತಿರುತ್ತಿದ್ದೆ.