ಪಕ್ಕದ ಮನೆಯ ಕೋಚ್ ಆಡದ ಮಾತು

ನೀಲಗಿರಿ ಎಣ್ಣೆಯ ಸೀಸೆಯ ಮುಚ್ಚಳ ತೆಗೆದದ್ದೇ ತಪ್ಪಾಯಿತು. ಮಂಡಿನೋವಿಗೆಂದು ಮೊನ್ನೆ ಸಂಜೆ ಕೆಳಗಿನ ಔಷಧದ ಅಂಗಡಿಗೆ ಹೋಗಿದ್ದೆ. ಹಳೇ ಸರಕು ತಲೆಗೆ ಕಟ್ಟುತ್ತಾನೇನೋ ಎಂಬ ಅನುಮಾನ ನನಗೆ ಯಾವಾಗಲೂ ಇದ್ದದ್ದೇ, ಅಲ್ಲೇ ಮುಚ್ಚಳ ತಿರುಗಿಸಿ ಮೂಸಿದೆ. ಘಾಟು ಮೂಗಿಗೆ ಏರಿದ್ದೇ ತಡ, ಪಕ್ಕದ ಮನೆಯ ಬಾಗಿಲ ಬದಿಯ ಮೊಳೆಯಲ್ಲಿ ನೇತಾಡುತ್ತಿದ್ದ ಒಂದು ಖಾಕಿ ಚೀಲ ಕಣ್ಣ ಮುಂದೆ ಬಂದು ನಿಂತಿತು.

ಅಂಗಡಿಯವನಿಗೆ ನನ್ನ ಕಡೆ ಗಮನವಿರಲಿಲ್ಲ. ಅವನೂ ಮೂರನೇ ಮಹಡಿಯ ಇಬ್ಬರು ಗಂಡಸರೂ ಒಂದೇ ಮೊಬೈಲಿನ ಮೇಲೆ ಬಗ್ಗಿ ಫುಟ್‌ಬಾಲ್ ಜಗಳದಲ್ಲಿದ್ದರು. ಅವರ ತಂಡ ಎರಡು ಗೋಲು ಹಿಂದೆ ಬಿದ್ದಿದೆಯಂತೆ, ಬುಧವಾರ ಎರಡನೇ ಪಂದ್ಯವಂತೆ. ಎದ್ದು ಬರುತ್ತಾರೆ ಎಂದು ಒಬ್ಬ, ಕನಸು ಕಾಣಬೇಡ ಎಂದು ಇನ್ನೊಬ್ಬ. ಅಲ್ಲಿಂದ ಮಾತು ಮ್ಯಾನೇಜರ್ ಕಡೆ ತಿರುಗಿತು. ನನಗೆ ಗೊತ್ತಿದ್ದ ಮ್ಯಾನೇಜರ್ ಎಂದರೆ ರಜೆ ಕೇಳಿದರೆ ಮುಖ ಗಂಟಿಕ್ಕುವವನು. ಫುಟ್‌ಬಾಲಿನಲ್ಲಿ ಕೋಚನ್ನೇ ಹಾಗೆ ಕರೆಯುತ್ತಾರೆಂದು ತಿಳಿದದ್ದು ಈಚೆಗೆ. ಅವನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ಮೂವರೂ ಗಂಟಲು ಹರಿದುಕೊಳ್ಳುತ್ತಿದ್ದರು. ಈ ಜಗಳ ಕೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ನನ್ನ ಪಾಲಿನದನ್ನು ಹದಿನೆಂಟು ವರ್ಷದ ಹಿಂದೆಯೇ ಕೂಗಿ ಮುಗಿಸಿದ್ದೇನೆ...

ಬ್ಯಾಂಕು ನನ್ನನ್ನು ತಿಪಟೂರಿನಿಂದ ಎತ್ತಿ ವೆಸ್ಟ್ ಮಾಂಬಲಂಗೆ ತಂದು ಹಾಕಿದ ವರ್ಷ ಅದು. ಬರುತ್ತಿದ್ದ ತಮಿಳು ನಾಲ್ಕು ಪದ, ಅದರಲ್ಲಿ ಎರಡು ತಪ್ಪು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡನೇ ಮಹಡಿಯ ಮನೆ ಸಿಕ್ಕಿತ್ತು. ಟ್ರಂಕು ಮೇಲಕ್ಕೆ ಹೊರಿಸಿ ಏದುಸಿರು ಬಿಡುತ್ತ ನಿಂತಿದ್ದಾಗ ಪಕ್ಕದ ಬಾಗಿಲು ತೆರೆಯಿತು. ಹಣೆ ತುಂಬ ವಿಭೂತಿ ಹಚ್ಚಿದ, ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ ಹಿರಿಯರೊಬ್ಬರು ಹೊರಗೆ ಬಂದರು. ಟ್ರಂಕಿನ ಮೇಲೆ ಕನ್ನಡದಲ್ಲಿ ಬರೆದಿದ್ದ ನನ್ನ ಹೆಸರನ್ನು ಓದಿ, "ಊಟ ಆತೇನವಾ ತಂಗಿ?" ಎಂದರು. ನನಗೆ ಅಳುವೇ ಬಂತು. ಆವತ್ತು ಅವರ ಮನೆಯಲ್ಲೇ ಉಂಡೆ.

ಅವರ ಅಜ್ಜ ಧಾರವಾಡದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಮೂರನೇ ತಲೆಮಾರಿನ ಇವರೂ ರೈಲ್ವೆಯಲ್ಲೇ ದುಡಿದು ನಿವೃತ್ತರಾಗಿದ್ದರು. ಮನೆಯೊಳಗಿನ ಮಾತು ಧಾರವಾಡದ್ದೇ, ಆದರೆ ನಡುನಡುವೆ ತಮಿಳು ನುಸುಳುತ್ತಿತ್ತು. "ಸರಿ, ಅಪ್ಪುರಂ ಬರ್ತೇನಿ" ಎನ್ನುತ್ತಿದ್ದರು. ಅಪ್ಪುರಂ ಎಂದರೆ ಆಮೇಲೆ. ಅದು ಕನ್ನಡವಲ್ಲ ಎಂದು ನಾನು ಹೇಳಿದಾಗ ಅವರು ನಂಬಲೇ ಇಲ್ಲ, ಹೆಂಡತಿಯನ್ನು ಕರೆದು ಪಂಚಾಯಿತಿ ಮಾಡಿಸಿದರು. ಆಕೆಯೂ ಅದು ಕನ್ನಡವೇ ಎಂದು ತೀರ್ಪು ಕೊಟ್ಟರು.

ಅವರು ಹರೆಯದಲ್ಲಿ ರೈಲ್ವೆ ತಂಡಕ್ಕೆ ಫುಟ್‌ಬಾಲ್ ಆಡಿದವರಂತೆ. ಮಂಡಿ ಮುರಿದು ಆಟ ನಿಂತಿತ್ತು. ನಾನು ಬರುವ ಹೊತ್ತಿಗೆ ಕಾಸಿಮೇಡಿನ ಬಂದರಿನ ಹುಡುಗರದೊಂದು ತಂಡಕ್ಕೆ ಹನ್ನೊಂದು ವರ್ಷದಿಂದ ಕೋಚ್ ಆಗಿದ್ದರು. ನಸುಕಿನಲ್ಲೇ ಎದ್ದು, ವಿಭೂತಿ ಹಚ್ಚಿ, ಮೊದಲ ರೈಲು ಹಿಡಿದು ಬೀಚ್ ಸ್ಟೇಷನ್, ಅಲ್ಲಿಂದ ಬಸ್ಸು. ಮೀನಿನ ಹರಾಜು ಮುಗಿಸಿ ಹುಡುಗರು ನೇರ ಮೈದಾನಕ್ಕೆ ಬರುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದ ಈ ಮನುಷ್ಯ ಆ ಹುಡುಗರ ಮೀನಖಂಡಗಳಿಗೆ ನೀಲಗಿರಿ ಎಣ್ಣೆ ತಿಕ್ಕಿ ತಿಕ್ಕಿ ಸರಿಮಾಡುತ್ತಿದ್ದರು. ಎಣ್ಣೆ, ಬ್ಯಾಂಡೇಜು, ಸೀಟಿ ಎಲ್ಲ ಆ ಖಾಕಿ ಚೀಲದಲ್ಲಿ. ಮೀನಿನ ವಾಸನೆ ಅಂಟಿರುತ್ತದೆಂದು ಅವರ ಹೆಂಡತಿ ಅದನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮಿಬ್ಬರ ಬಾಗಿಲುಗಳ ನಡುವಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ವಾಸನೆಯಲ್ಲಿ ಅರ್ಧ ಪಾಲು ನನ್ನದಾಯಿತು. ಮೊದಲು ಮೂಗು ಮುಚ್ಚಿಕೊಂಡೆ, ಆಮೇಲೆ ಅದಿಲ್ಲದಿದ್ದರೆ ಬೇರೆ ಮಹಡಿಗೆ ಬಂದೆನೇನೋ ಅನ್ನಿಸುವಷ್ಟು ಒಗ್ಗಿಹೋಯಿತು.

ನಾನು ಬಂದ ಮೂರನೇ ತಿಂಗಳಲ್ಲಿ ತಂಡಕ್ಕೆ ಕಷ್ಟ ಬಂತು. ಅವರ ದರ್ಜೆಯಲ್ಲಿ ಕೊನೆಯ ಸ್ಥಾನ. ಉಳಿದದ್ದು ಒಂದೇ ಪಂದ್ಯ. ಗೆದ್ದರೆ ಅದೇ ದರ್ಜೆಯಲ್ಲಿ ಉಳಿವು, ಸೋತರೂ ಸರಿ, ಸಮವಾದರೂ ಸರಿ, ಕೆಳಗಿನ ದರ್ಜೆಗೆ ಇಳಿಯಬೇಕು. ಇಳಿದರೆ ಕೋಚ್ ಕೂಡ ಇಳಿಯಬೇಕು ಎಂದು ಕಮಿಟಿಯವರು ಮೊದಲೇ ಹೇಳಿಬಿಟ್ಟಿದ್ದರು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಅವರು ನನಗೆ, "ಈ ಹುಡುಗರು ಇಲ್ಲಂದ್ರ ಮುಂಜಾನೆ ಯಾಕ ಏಳಬೇಕು ಅನ್ನೂದ ನನಗ ತಿಳಿಯಂಗಿಲ್ಲ ತಂಗಿ" ಎಂದರು. ನಗುತ್ತಲೇ ಹೇಳಿದರು. ಆದರೆ ಆವತ್ತು ಅವರ ಬಟ್ಟಲಿನ ಚಹಾ ಹಾಗೇ ಆರಿಹೋಯಿತು.

ಆ ಭಾನುವಾರ ನನ್ನನ್ನೂ ಹೆಂಡತಿಯನ್ನೂ ಪಂದ್ಯಕ್ಕೆ ಕರೆದುಕೊಂಡು ಹೋದರು. ಮೈದಾನದ ಎದುರಿನ ಚಹಾದಂಗಡಿಯಲ್ಲಿ ಆಗಲೇ ನ್ಯಾಯ ನಡೆಯುತ್ತಿತ್ತು. ನ್ಯಾಯಾಧೀಶ ಕಾಸಿಮೇಡಿನಲ್ಲಿ ಮೀನು ಹರಾಜು ಕೂಗುವ ಒಬ್ಬ ಧಡೂತಿ ಆಸಾಮಿ. ಹರಾಜಿನ ಗಂಟಲು, ಅವನು ಪಿಸುಗುಟ್ಟಿದರೂ ಬೀದಿಯ ಆ ತುದಿಗೆ ಕೇಳುತ್ತಿತ್ತು. ಮುದುಕನ ಕಾಲ ಮುಗಿಯಿತು, ಹೊಸಬ ಬರಲಿ ಎಂಬುದು ಅವನ ವಾದ. ಒಂದು ಪಂದ್ಯ ಗೆದ್ದರೆ ಸಾಕಲ್ಲ, ಅದಕ್ಕೇಕೆ ಕೋಚ್ ತಲೆ ತೆಗೆಯಬೇಕು ಎಂದು ಚಹಾದವನು. ಇದನ್ನೆಲ್ಲ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದವರು ಸ್ವತಃ ಕೋಚ್. ತಮ್ಮ ಬಗ್ಗೆಯೇ ಆಡುತ್ತಿದ್ದದ್ದನ್ನು ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿ, "ನೀ ಬಿಸ್ಕೀಟ್ ತಗೋ" ಎಂದರು.

ಮೊದಲರ್ಧದಲ್ಲೇ ಎರಡು ಗೋಲು ತಿಂದರು. ಎರಡನೆಯದು ಬಿದ್ದಾಗ ಗೋಲು ಕಾಯುವ ಹುಡುಗ ಮಣ್ಣಿನಲ್ಲಿ ಮುಖವಿಟ್ಟು ಮಲಗಿಬಿಟ್ಟ. ಆಗ ಹರಾಜಿನವನು ಎದ್ದು ನಿಂತು ಕೂಗಿದ, ಹಿಂದೆಯೇ ಜನರೆಲ್ಲ ಚಪ್ಪಾಳೆ ತಟ್ಟಿ ಕೂಗತೊಡಗಿದರು. "ಕೋಚ್ಚ ಮಾತ್ತು! ಕೋಚ್ಚ ಮಾತ್ತು!"

ನನ್ನ ಕಿವಿಗೆ ಅದು ಅಪ್ಪಟ ಕನ್ನಡವಾಗಿ ಬಿತ್ತು. ಕೋಚ್ ಮಾತು! ಕೋಚ್ ಮಾತಾಡಲಿ, ಹುಡುಗರಿಗೆ ಧೈರ್ಯ ಹೇಳಲಿ ಎಂದು ಜನ ಕೇಳುತ್ತಿದ್ದಾರೆ. ಇಷ್ಟು ಹೊತ್ತು ಬೈದವರೂ ಕೊನೆಗೆ ಇವರ ಮಾತಿಗೇ ಕಾದರಲ್ಲ ಎಂದು ನನಗೆ ಎದೆ ತುಂಬಿ ಬಂತು. ಬೆಂಚಿನ ಮೇಲೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಜೋರಾಗಿ ಕೂಗಿದೆ. "ಕೋಚ್ ಮಾತು! ಕೋಚ್ ಮಾತು!" ಅವರ ಹೆಂಡತಿ ನನ್ನ ಕೈ ಹಿಡಿದು ಎಳೆದರು. ಸಂಕೋಚಕ್ಕೆ ಎಳೆಯುತ್ತಿದ್ದಾರೆ ಎಂದುಕೊಂಡು ಇನ್ನೆರಡು ಸಲ ಕೂಗಿದೆ.

ಗೆರೆಯ ಬಳಿ ಕೂತಿದ್ದ ಅವರು ತಿರುಗಿ ನೋಡಿದರು. ಅಷ್ಟು ಜನರ ನಡುವೆ ನನ್ನನ್ನೇ ನೋಡಿದರು... ಆ ಮುಖದಲ್ಲಿ ಏನಿತ್ತೋ ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಸೀಟಿ ಮೊಳಗಿತು, ಮಧ್ಯಂತರ. ಹುಡುಗರು ನಿಂಬೆಹೋಳು ಚೀಪುತ್ತ ಸುತ್ತ ಕೂತರು. ಇವರು ಎದ್ದು ಅವರ ಮುಂದೆ ನಿಂತರು. ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಬಗ್ಗಿ, ಚೀಲದಿಂದ ಎಣ್ಣೆ ತೆಗೆದು, ಒಬ್ಬನ ಕಾಲು ತಿಕ್ಕಲು ಕೂತರು. ಒಂದು ಮಾತೂ ಆಡಲಿಲ್ಲ.

ದ್ವಿತೀಯಾರ್ಧದಲ್ಲಿ ಹುಡುಗರಿಗೆ ಏನು ಮೈಮೇಲೆ ಬಂತೋ, ಎರಡು ಗೋಲು ಹೊಡೆದರು. ಮೂರನೆಯದು ಕಂಬಕ್ಕೆ ತಾಗಿ ಹೊರಗೆ ಹೋಯಿತು. ಎರಡು ಎರಡು, ಸಮ. ತಂಡ ಕೆಳಗಿನ ದರ್ಜೆಗೆ ಇಳಿಯಿತು. ರೈಲಿನಲ್ಲಿ ವಾಪಸು ಬರುವಾಗ ಕರಗಿದ ವಿಭೂತಿ ಅವರ ಹುಬ್ಬಿನ ಮೇಲೆ ಇಳಿದಿತ್ತು. ನಾನು ಸಮಾಧಾನಕ್ಕೆ ಏನೇನೋ ಹರಟಿದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು.

ವಿಚಿತ್ರವೆಂದರೆ, ಆ ವಾರವೇ ಹರಾಜಿನವನು ಕಮಿಟಿಯವರ ಜೊತೆ ಹೂವು ಹಣ್ಣು ಹಿಡಿದು ನಮ್ಮ ಮಹಡಿ ಹತ್ತಿ ಬಂದ. ಎರಡು ಗೋಲು ಹಿಂದಿನಿಂದ ಎದ್ದು ಬಂದ ತಂಡ ಯಾರ ಕೈಯಲ್ಲಿ ಪಳಗಿದ್ದು, ಇನ್ನೊಂದು ವರ್ಷ ನೀವೇ ಇರಬೇಕು ಎಂದು ಕೈ ಮುಗಿದ. ಹರಾಜಿನ ಗಂಟಲಾದ್ದರಿಂದ ಇಡೀ ಕಟ್ಟಡ ಕೇಳಿಸಿಕೊಂಡಿತು. ಅವರು ಒಪ್ಪಲಿಲ್ಲ. ಹುಡುಗರು ಬಂದು ಕೇಳಿದಾಗಲೂ ಒಪ್ಪಲಿಲ್ಲ. ಯಾಕೆ ಎಂದು ಯಾರಿಗೂ ಗೊತ್ತಾಗಲಿಲ್ಲ.

ನನಗೆ ಗೊತ್ತಾಯಿತು ಅನ್ನಿಸಿದ್ದು ಎರಡು ವಾರದ ನಂತರ, ಅಡುಗೆಮನೆಯ ಟ್ಯೂಬ್‌ಲೈಟ್ ಕೆಟ್ಟಾಗ. ಎಲೆಕ್ಟ್ರಿಷಿಯನ್ ಸ್ಟೂಲು ಹತ್ತಿ ನೋಡಿ, "ಸರಿ ಆಗಾದು ಮೇಡಂ, ಮಾತ್ತಣುಂ" ಎಂದ. ಏನು ಮಾತಾಡಬೇಕಪ್ಪ ಟ್ಯೂಬ್‌ಲೈಟಿನ ಹತ್ತಿರ ಎಂದು ನಾನು ಕಣ್ಣು ಬಿಟ್ಟೆ. ಅವನು ನನ್ನ ಪೆದ್ದುಮುಖ ನೋಡಿ, ಹಳೆಯ ಟ್ಯೂಬು ಬಿಚ್ಚಿ ಮೂಲೆಗಿಟ್ಟು ಹೊಸದನ್ನು ತೋರಿಸಿ, "ಮಾತ್ತು, ಮಾತ್ತು" ಎಂದ. ಬದಲಾಯಿಸು. ತೆಗೆದುಹಾಕು. ಆ ಮೈದಾನದಲ್ಲಿ ಬೆಂಚು ಹತ್ತಿ ನಾನು ಕೂಗಿದ್ದೇನು? ಅವರು ಕರೆದುಕೊಂಡು ಹೋದ, ಅವರ ಬಿಸ್ಕೀಟು ತಿಂದ, ಅವರ ಭಾಷೆಯ ಒಬ್ಬಳೇ ಒಬ್ಬಳು...

ತಕ್ಷಣ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ, ಹೇಡಿತನ. ಪಕ್ಕದ ಬಾಗಿಲಿನ ಸದ್ದಾದರೆ ಒಳಗೇ ನಿಂತು, ಅದು ಮುಚ್ಚಿದ ಮೇಲೆ ಹೊರಗೆ ಬರುತ್ತಿದ್ದೆ. ಅವರಿಗೆ ನಸುಕಿನಲ್ಲಿ ಎಚ್ಚರವಾಗುವುದು ಮಾತ್ರ ನಿಂತಿರಲಿಲ್ಲ. ವಿಭೂತಿ ಹಚ್ಚಿಕೊಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೊದಲ ರೈಲು ಬಂದು ಹೋಗುವ ಸದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು. ಚೀಲ ಮೊಳೆಯಲ್ಲೇ ಇತ್ತು, ವಾಸನೆ ದಿನದಿನಕ್ಕೆ ಸಣ್ಣಗಾಗುತ್ತಿತ್ತು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಹಿಡಿದುಕೊಂಡು ಹೋಗಿ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಟ್ಯೂಬ್‌ಲೈಟನ್ನೂ ಸೇರಿಸಿ ಹೇಳಿದೆ. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿ ನಕ್ಕರು. ಅವರೂ ನಕ್ಕರು.

"ನಂಗ ಆವಾಗ ಗೊತ್ತಿತ್ತು ಬಿಡವಾ. ಅವರು ತಮಿಳಿನ್ಯಾಗ ಒದರಿದ್ರು, ನೀ ಕನ್ನಡದಾಗ ಒದರಿದಿ. ನಿನ್ನ ಮಾತಿನ್ಯಾಗ ತಕಾರಕ್ಕ ಒತ್ತಿರಲಿಲ್ಲ."

ನನ್ನ ಎದೆಯ ಭಾರ ಇಳಿಯಿತು. ಹಾಗಾದರೆ ಯಾಕೆ ಬಿಟ್ಟಿರಿ, ಅಷ್ಟು ಜನ ಕೇಳಿಕೊಂಡರಲ್ಲ ಎಂದೆ. ಅವರು ಎಳ್ಳುಬೆಲ್ಲವನ್ನು ಅಂಗೈಯಲ್ಲಿ ಆಡಿಸುತ್ತ ಕೂತರು.

"ಅವರು ತೆಗೀರಿ ಅಂದದ್ದು ನನಗ ಹೊಸಾದಲ್ಲ. ಹನ್ನೊಂದು ವರ್ಷ ಕೇಳೇನಿ, ಹನ್ನೊಂದು ವರ್ಷ ಇದ್ದೇನಿ. ನೀ ಒಬ್ಬಾಕಿ ಮಾತು ಕೇಳಿದಿ. ಹೌದಲ್ಲ, ಹುಡುಗರಿಗೆ ಒಂದು ಮಾತು ಹೇಳಬೇಕು ಅಂತ ಎದ್ದು ನಿಂತೆ ತಂಗಿ... ಏನೂ ಬರಲಿಲ್ಲ. ಹೇಳೂದೆಲ್ಲ ಹೇಳಿ ಮುಗದಿತ್ತು. ನಾ ಸುಮ್ಮನಿದ್ದದ್ದಕ್ಕ ಎರಡು ಗೋಲು ಹೊಡದ್ರು. ಅಪ್ಪುರಂ ನಾ ಯಾಕ?"

ಇಳಿದಿದ್ದ ಭಾರ ಮತ್ತೆ ಬಂದು ಕೂತಿತು, ಇವತ್ತಿಗೂ ಎದ್ದು ಹೋಗಿಲ್ಲ. ನಾನು ಜನರ ಹಾಗೆ ತೆಗೀರಿ ಎಂದೇ ಕೂಗಿದ್ದರೆ ಅವರು ಇನ್ನೊಂದು ವರ್ಷ ಇರುತ್ತಿದ್ದರೋ ಏನೋ. ಪ್ರೀತಿಯಿಂದ ಕೇಳಿದ್ದೇ ಅವರನ್ನು ಮುಗಿಸಿತು.

ಅವರು ತೀರಿಕೊಂಡು ಆರು ವರ್ಷವಾಯಿತು. ಹೆಂಡತಿ ಹುಬ್ಬಳ್ಳಿಯ ತಂಗಿಯ ಮನೆಗೆ ಹೋದರು. ಹೋಗುವ ದಿನ ಆ ಚೀಲವನ್ನು ಏನು ಮಾಡುವುದೆಂದು ನನ್ನನ್ನೇ ಕೇಳಿದರು. ನನಗೆ ಕೊಡಿ ಎನ್ನಲು ಬಾಯಿ ಬರಲಿಲ್ಲ. ಹರಾಜಿನವನು ಬಂದು, ಒಂದೂ ಮಾತಾಡದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಅಂಗಡಿಯವನು ಕೊನೆಗೂ ನನ್ನ ಕಡೆ ತಿರುಗಿದ. ಎಣ್ಣೆಯನ್ನು ಕಾಗದದಲ್ಲಿ ಸುತ್ತುತ್ತ, "ನೀಂಗಳೇ ಸೊಲ್ಲುಂಗ ಮೇಡಂ, ಕೋಚ್ಚ ಮಾತ್ತಣುಮಾ ವೇಣ್ಡಾಮಾ?" ಎಂದ, ಕೋಚನ್ನು ತೆಗೆಯಬೇಕೋ ಬೇಡವೋ ನೀವೇ ಹೇಳಿ ಎಂದು. ಈಗ ನನಗೆ ತಮಿಳು ಚೆನ್ನಾಗಿ ಬರುತ್ತದೆ, ಬೈಯಲೂ ಬರುತ್ತದೆ. ಆದರೂ ಸುಮ್ಮನೆ ತಲೆಯಾಡಿಸಿದೆ. ಅದನ್ನು ಹೌದು ಎಂದು ಒಬ್ಬ, ಬೇಡ ಎಂದು ಇನ್ನೊಬ್ಬ ಅರ್ಥಮಾಡಿಕೊಂಡು ಮತ್ತೆ ಜಗಳಕ್ಕೆ ಬಿದ್ದರು.

ಕಂಬಿ ಹಿಡಿದು ಮೆಟ್ಟಿಲು ಹತ್ತಿದೆ. ಪಕ್ಕದ ಮನೆಯಲ್ಲಿ ಈಗ ಒಳ್ಳೆಯ ಜನರಿದ್ದಾರೆ, ಕಂಡರೆ ತಮಿಳಿನಲ್ಲಿ ಊಟವಾಯಿತೇ ಎಂದು ಕೇಳುತ್ತಾರೆ. ಮೊಳೆ ಇನ್ನೂ ಗೋಡೆಯಲ್ಲಿದೆ. ಸೀಸೆಯ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಅಲ್ಲಿ ನಿಂತೆ. ನಮ್ಮ ಮಹಡಿಯಲ್ಲಿ ಮಾತು ಎಂದರೆ ಮಾತು ಎಂದೇ ಅರ್ಥವಾಗುವ ಮನೆ ಈಗ ನನ್ನದೊಂದೇ.