ಶಾಲು ಹೊದಿಸಿ ತೀರಿಸಿದ ಬಾಕಿ

ಸನ್ಮಾನ ಎಂಬ ಪದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ದುಡ್ಡು ಕೊಡಬೇಕಾದ ಕಡೆ ಶಾಲು ಹೊದಿಸುವುದು, ಹಾರ ಹಾಕುವುದು, ಕೈಗೊಂದು ಹಣ್ಣಿನ ತಟ್ಟೆ ಕೊಟ್ಟು ಫೋಟೋ ತೆಗೆಸಿ ಮನೆಗೆ ಕಳಿಸುವುದು, ಇದನ್ನು ನಮ್ಮ ಜನರಷ್ಟು ಸೊಗಸಾಗಿ ಮಾಡುವವರು ಬೇರೆ ಯಾರೂ ಇರಲಾರರು.

ನಾನು ಮೈಸೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವಳು. ಮದುವೆಯಾಗಿ ಶಿಕಾಗೋಗೆ ಬಂದೆ. ವೀಸಾ ಕೆಲಸಕ್ಕೆ ಬಿಡಲಿಲ್ಲವೆಂದು ಕೆಲವು ವರ್ಷ ಮನೆಯಲ್ಲಿ ಕೂತು ಗೋಡೆ ನೋಡಿದೆ. ಗ್ರೀನ್ ಕಾರ್ಡ್ ಬಂದದ್ದೇ ತಡ, ಎಲ್ಕ್ ಗ್ರೋವ್ ವಿಲೇಜಿನಲ್ಲಿ ಒಂದು ಸಣ್ಣ ಗೋದಾಮು ಬಾಡಿಗೆಗೆ ಹಿಡಿದು ಕಾಂಟ್ರ್ಯಾಕ್ಟರ್ ಆದೆ. ಹೋಟೆಲು, ಕ್ಯಾಂಟೀನುಗಳಿಗೆ ಅಡುಗೆಮನೆ ಕಟ್ಟಿಕೊಡುವುದು ನನ್ನ ಕಸುಬು. ಇಲ್ಲಿ ನಮ್ಮವರ ಹೋಟೆಲುಗಳಿರುವ ಡೆವನ್ ಅವೆನ್ಯೂನಲ್ಲಿ ದೋಸೆ ತಿಂದವರು ನಾನು ಹಾಕಿಸಿದ ಚಿಮಣಿಯ ಕೆಳಗೆ ಹುಯ್ದ ದೋಸೆಯನ್ನೂ ತಿಂದಿರಬಹುದು.

ನಾವು ಹೋಗುವ ದೇವಸ್ಥಾನದವರು ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸಲು ಹೊರಟಾಗ ಕಮಿಟಿಯ ಅಧ್ಯಕ್ಷರೇ ಫೋನ್ ಮಾಡಿದರು. ನಿವೃತ್ತ ಡಾಕ್ಟರು, ಎಲ್ಲರಿಗೂ ಅಂಕಲ್.

"ಹೊರಗಿನವ್ರಿಗೆ ಯಾಕಮ್ಮಾ ಕೊಡೋದು, ನಮ್ಮ ಹುಡುಗಿ ಇರೋವಾಗ? ಅರ್ಧ ಅಡ್ವಾನ್ಸ್ ಈಗ್ಲೇ ತಗೊ. ಮಿಕ್ಕಿದ್ದು ಕೆಲಸ ಮುಗಿದ ದಿನವೇ ಚೆಕ್," ಎಂದರು.

ನಾನು ಒಪ್ಪಿದ್ದು ಅಂಕಲ್ ಮಾತಿಗಲ್ಲ, ನಮ್ಮತ್ತೆಗಾಗಿ. ಅತ್ತೆ ನಮ್ಮ ಜೊತೆಗೇ ಇರುತ್ತಾರೆ. ಡ್ರೈವ್ ಮಾಡುವುದಿಲ್ಲ. ಶನಿವಾರ ಬೆಳಿಗ್ಗೆ ದೇವಸ್ಥಾನದ ವ್ಯಾನ್ ಬಂದು ಕರೆದೊಯ್ದರೆ, ಆ ಅಡುಗೆಮನೆಯಲ್ಲಿ ತಮ್ಮ ವಯಸ್ಸಿನವರ ಜೊತೆ ಹುಳಿಗೆ ತರಕಾರಿ ಹೆಚ್ಚುತ್ತಾ, ಊರ ಮಾತೆಲ್ಲ ಆಡಿ, ಸಂಜೆ ಗೆಲುವಾಗಿ ಬರುತ್ತಾರೆ. ಹಳೆಯ ಅಡುಗೆಮನೆಯ ಹೊಗೆಗೆ ಕೆಮ್ಮಿ ಕೆಮ್ಮಿ ಸಾಕಾಗುತ್ತಿತ್ತು ಅವರಿಗೆ. ಅದಕ್ಕೇ ಲಾಭ ಕಡಿಮೆ ಮಾಡಿಕೊಂಡು ಕೈ ಹಾಕಿದೆ. ದೊಡ್ಡ ಚಿಮಣಿ, ಸ್ಟೀಲ್ ಕಟ್ಟೆಗಳು, ನೆಲದ ನೀರು ಹೋಗುವ ಪೈಪು, ಇವುಗಳಿಗೆ ಅಡ್ವಾನ್ಸ್ ಸಾಲದೆ ಹೋದಾಗ ನಮ್ಮ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತಿದೆ. ಗಂಡ ಸಹಿ ಹಾಕಿದ. ಅತ್ತೆಗೆ ಹೇಳಲಿಲ್ಲ.

ಜುಲೈನಲ್ಲಿ ಕೆಲಸ ಮುಗಿಯಿತು. ಚೆಕ್ ಬರಲಿಲ್ಲ. ಕೇಳಿದರೆ "ಬೋರ್ಡ್ ಮೀಟಿಂಗ್ ಆಗ್ಲಿ" ಎಂದರು. ಮೀಟಿಂಗ್ ಆಯಿತು, "ಟ್ರೆಷರರ್ ಇಂಡಿಯಾಗೆ ಹೋಗಿದಾರೆ" ಎಂದರು. ಟ್ರೆಷರರ್ ಬಂದರು, "ಗಣೇಶನ ಹಬ್ಬ ಒಂದು ಕಳೀಲಿ" ಎಂದರು. ನಮ್ಮ ಸಾಲದ ಕಂತು ಮಾತ್ರ ಯಾವ ಹಬ್ಬಕ್ಕೂ ಕಾಯುತ್ತಿರಲಿಲ್ಲ. ಎರಡು ಕಂತು ತಪ್ಪಿದಾಗ ಬ್ಯಾಂಕಿನಿಂದ ಮನೆಗೆ ಎಚ್ಚರಿಕೆ ಬಂತು.

ಬೇರೆ ಗಿರಾಕಿಯಾಗಿದ್ದರೆ ನಾನು ಇಷ್ಟು ದಿನ ಕಾಯುತ್ತಲೇ ಇರಲಿಲ್ಲ. ನಮ್ಮ ಕಸುಬಿನವರಿಗೆ ಲೀನ್ ಎಂಬ ಒಂದು ರಕ್ಷಣೆ ಇದೆ. ಮಾಡಿದ ಕೆಲಸಕ್ಕೆ ಹಣ ಕೊಡದಿದ್ದರೆ ಆ ಕಟ್ಟಡದ ಮೇಲೆಯೇ ನಮ್ಮ ಹಕ್ಕನ್ನು ಕೌಂಟಿ ಕಚೇರಿಯಲ್ಲಿ ದಾಖಲು ಮಾಡಬಹುದು. ಅದು ತೀರುವ ತನಕ ಆ ಆಸ್ತಿಯನ್ನು ಮಾರುವುದಾಗಲಿ, ಅದರ ಮೇಲೆ ಹೊಸ ಸಾಲ ತೆಗೆಯುವುದಾಗಲಿ ಸುಲಭವಲ್ಲ. ಆದರೆ ಕೆಲಸ ಮುಗಿದ ನಾಲ್ಕು ತಿಂಗಳೊಳಗೆ ದಾಖಲಿಸದಿದ್ದರೆ ಅದರ ಹಲ್ಲು ಉದುರಿಹೋಗುತ್ತದೆ, ಆಮೇಲೆ ಆ ಆಸ್ತಿಗೆ ಸಾಲ ಕೊಡುವ ಬ್ಯಾಂಕಿನವರು ಕ್ಯಾರೇ ಅನ್ನುವುದಿಲ್ಲ. ಇಟಾಸ್ಕಾದ ಒಬ್ಬ ಹೋಟೆಲಿನವನ ಮೇಲೆ ಹೀಗೇ ಹಾಕಿದ್ದೆ. ಅವನು ಹಣ ಕೊಟ್ಟು, ಮುಂದಿನ ಕೆಲಸವನ್ನೂ ನನಗೇ ಕೊಟ್ಟ. ಅವನಿಗೆ ಅದು ವ್ಯವಹಾರ. ದೇವಸ್ಥಾನದ ಮೇಲೆ ಹಾಕಲು ಮಾತ್ರ ನನಗೆ ಹಾಳು ದಾಕ್ಷಿಣ್ಯ.

ನವರಾತ್ರಿಯಲ್ಲಿ ಅಂಕಲ್ ಫೋನ್ ಬಂತು. "ಶನಿವಾರ ಸಾಯಂಕಾಲ ಒಳ್ಳೆ ಸೀರೆ ಉಟ್ಕೊಂಡು ಬಾಮ್ಮಾ. ಅತ್ತೇನೂ ಕರ್ಕೊಂಡು ಬಾ. ನಿಂದೆಲ್ಲಾ ಅವತ್ತು ಸೆಟ್ಲ್ ಮಾಡ್ಬಿಡ್ತೀವಿ."

ಚೆಕ್ ಎಂದುಕೊಂಡು ರೇಷ್ಮೆ ಸೀರೆ ಉಟ್ಟು ಹೋದೆ, ಪೆದ್ದಿ. ವೇದಿಕೆಗೆ ಕರೆದರು. ಭಟ್ಟರು ಗೋತ್ರ, ನಕ್ಷತ್ರ ಕೇಳಿ ಸಂಕಲ್ಪ ಮಾಡಿದರು. ಶಾಲು ಬಂತು, ಹಾರ ಬಂತು. ಅಂಕಲ್ ಮೈಕ್ ಹಿಡಿದರು: "ಅಡುಗೆಮನೆಯ ಬಾಕಿ ಹಣವನ್ನೆಲ್ಲ ಈ ನಮ್ಮ ಮಗಳು ಭಗವಂತನಿಗೆ ಸೇವೆಯಾಗಿ ಅರ್ಪಿಸಿದ್ದಾಳೆ!" ಸಭೆಯೆಲ್ಲ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಯ್ಯೋ ರಾಮ, ನಾನು ಯಾವಾಗ ಅರ್ಪಿಸಿದೆ?

ಕೈಗೆ ಬಂದ ತಟ್ಟೆಯಲ್ಲಿ ತೆಂಗಿನಕಾಯಿಯ ಕೆಳಗೆ ಒಂದು ಕಾಗದವಿತ್ತು. ಪೂರ್ತಿ ಹಣ ಸಂದಿದೆ, ಈ ಆಸ್ತಿಯ ಮೇಲೆ ನನಗೆ ಇನ್ನು ಯಾವ ಹಕ್ಕೂ ಇಲ್ಲ ಎಂದು ಕಾಂಟ್ರ್ಯಾಕ್ಟರು ಬರೆದುಕೊಡುವ ವೇವರ್. ಅದಕ್ಕೆ ಸಹಿ ಹಾಕಿದರೆ ಲೀನಿಗೆ ಎಳ್ಳುನೀರು ಬಿಟ್ಟಂತೆ.

ಅಂಕಲ್ ಪೆನ್ನು ಕೊಟ್ಟು ಕಿವಿಯ ಹತ್ತಿರ ಬಂದರು. "ಇಲ್ಲೊಂದು ಸೈನ್ ಹಾಕ್ಬಿಡಮ್ಮಾ. ಗೋಪುರಕ್ಕೆ ಲೋನ್ ಅಪ್ಲೈ ಮಾಡಿದೀವಿ, ಬ್ಯಾಂಕಿನವ್ರು ಕೇಳ್ತಿದಾರೆ. ಸುಮ್ನೆ ಫಾರ್ಮಾಲಿಟಿ."

"ಚೆಕ್ ಎಲ್ಲಿ ಅಂಕಲ್?"

"ಇದೇನಮ್ಮಾ ಇದು, ದೇವರ ಹತ್ರಾನೂ ಲೆಕ್ಕಾನಾ?"

ನನಗೆ ಪಂಗನಾಮ ಹಾಕಿದ್ದು ದೇವರಲ್ಲ, ಕಮಿಟಿ. ಆದರೆ ಅಷ್ಟು ಜನರ ಎದುರು ಫೋಟೋಕ್ಕೆ ಹಲ್ಲು ಕಿರಿದೆ. ಪೆನ್ನನ್ನು ತಟ್ಟೆಯಲ್ಲೇ ಇಟ್ಟು ಕೆಳಗಿಳಿದೆ.

ಕಾರಿನಲ್ಲಿ ಅತ್ತೆ, "ಎಷ್ಟು ದೊಡ್ಡ ಮನಸ್ಸು ಮಾಡ್ದೆ ಕಣೇ," ಎಂದರು. ತಡೆದುಕೊಂಡಿದ್ದೆಲ್ಲ ಒಡೆಯಿತು.

"ನಾನು ಏನೂ ಕೊಟ್ಟಿಲ್ಲ ಅತ್ತೆ! ಅವ್ರೇ ಕಿತ್ಕೊಂಡು, ಕೊಟ್ಟೆ ಅಂತ ಹೇಳ್ತಿದಾರೆ. ಲೀನ್ ಹಾಕ್ತೀನಿ ನಾನು."

"ದೇವಸ್ಥಾನದ ಮೇಲೆ ಕೋರ್ಟು ಕಚೇರಿ ಅಂತ ಹೋಗ್ತೀಯಾ? ಆಮೇಲೆ ನಾಲ್ಕು ಜನದ ಮುಂದೆ ತಲೆ ಎತ್ಕೊಂಡು ಓಡಾಡಕ್ಕಾಗತ್ತಾ?"

"ಆ ಚಿಮಣಿಗೆ ನಮ್ಮನೆ ಅಡ ಇಟ್ಟಿದೀನಿ. ಕಂತು ಕಟ್ಟಕ್ಕಾಗ್ತಿಲ್ಲ. ಮನೆ ಹೋಗತ್ತೆ!"

ಶಾಲು ಅತ್ತೆಯ ತೊಡೆಯ ಮೇಲಿತ್ತು. ಅದನ್ನು ಮಡಿಸಿ ಹಿಂದಿನ ಸೀಟಿಗೆ ಹಾಕಿದರು.

ಕೊನೆಯದಾಗಿ ಒಮ್ಮೆ ಅಂಕಲ್‌ಗೆ ಫೋನ್ ಮಾಡಿ ಹಣ ಕೊಡದಿದ್ದರೆ ಲೀನ್ ಹಾಕುವುದಾಗಿ ಹೇಳಿದೆ. ಅವರ ದನಿಯಲ್ಲಿದ್ದ ಬೆಣ್ಣೆಯೆಲ್ಲ ಕರಗಿಹೋಯಿತು. "ನಿಮ್ಮತ್ತೆ ಶನಿವಾರ ಶನಿವಾರ ಇಲ್ಲಿಗೇ ಬರ್ತಾರೆ. ಅದೂ ನೆನಪಲ್ಲಿರ್ಲಿ," ಎಂದರು. ಅಲ್ಲಿಯವರೆಗೆ ಉಳಿದಿದ್ದ ದಾಕ್ಷಿಣ್ಯವೂ ಆ ಮಾತಿಗೆ ಸತ್ತಿತು. ನವೆಂಬರಿನ ಗಡುವಿಗೆ ಮುಂಚೆ ದಾಖಲಿಸಿಯೇಬಿಟ್ಟೆ. ಕೌಂಟಿ ಕಚೇರಿಯ ಹೆಂಗಸಿಗೆ ದೇವಸ್ಥಾನವೂ ಒಂದೇ, ಟೈರ್ ಅಂಗಡಿಯೂ ಒಂದೇ. ಫೀಸ್ ತೆಗೆದುಕೊಂಡು ಮುಂದಿನವರನ್ನು ಕರೆದಳು.

ಆಮೇಲೆ ದೇವಸ್ಥಾನದ ವಾಟ್ಸಾಪ್ ಗುಂಪಿನಲ್ಲಿ ನಾನು "ದೇವರನ್ನೇ ಅಡ ಇಟ್ಟ ಮಹಾತಾಯಿ" ಆದೆ. ಕಿರಾಣಿ ಅಂಗಡಿಯಲ್ಲಿ ಸಿಕ್ಕ ಆಂಟಿಯರು ಬೇಳೆ ಚೀಲ ಓದುವವರಂತೆ ತಿರುಗಿ ನಿಂತರು. ಶನಿವಾರದ ವ್ಯಾನ್ ನಮ್ಮ ಮನೆಗೆ ಬರುವುದು ನಿಂತಿತು. ಅತ್ತೆ ಟಿವಿ ಮುಂದೆ ಕೂತು ಮನೆಯ ಹುರುಳಿಕಾಯಿಯನ್ನೇ ಸೋಸುತ್ತಿದ್ದರು. ಅದನ್ನು ನೋಡುವಾಗ ನನ್ನ ಮೇಲೇ ನನಗೆ ರೇಗಿಹೋಗುತ್ತಿತ್ತು.

ಲೀನ್ ಕಂಡ ಬ್ಯಾಂಕು ಗೋಪುರದ ಸಾಲವನ್ನು ತಡೆಹಿಡಿಯಿತು. ಅಲ್ಲಿಯವರೆಗೆ ಇಲ್ಲದ ದುಡ್ಡು ಅದೆಲ್ಲಿಂದಲೋ ಹುಟ್ಟಿತು! ಯಾರೋ ಬೆಲ್ ಕೂಡ ಮಾಡದೆ ಬಾಗಿಲ ಸಂದಿಯಲ್ಲಿ ಚೆಕ್ ತುರುಕಿ ಹೋದರು. ಹಣ ಖಾತೆಗೆ ಬಂದ ಮೇಲೆ ಲೀನ್ ಬಿಡಿಸಿಕೊಟ್ಟೆ, ಮನೆಯ ಸಾಲ ತೀರಿಸಿದೆ. ಗೆದ್ದೆ ಅನ್ನಿಸಲಿಲ್ಲ. ನನ್ನ ದುಡ್ಡು ನನಗೆ ಬರಲು ಇಷ್ಟೆಲ್ಲ ಆಗಬೇಕಿತ್ತೇ ಅನ್ನಿಸಿತು.

ಅದರ ಮುಂದಿನ ಶನಿವಾರ ಅತ್ತೆ ಸೀರೆ ಉಟ್ಟು, ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡಿ, ದೇವಸ್ಥಾನಕ್ಕೆ."

"ಅಲ್ಲಿ ಯಾರೂ ಮಾತಾಡ್ಸಲ್ಲ ಅತ್ತೆ."

"ತರಕಾರಿ ಹೆಚ್ಚೋದು ಕೈಲಿ ಕಣೇ."

ನಾವು ಅಡುಗೆಮನೆಗೆ ಕಾಲಿಟ್ಟದ್ದೇ ಎಲ್ಲರೂ ತಲೆ ತಗ್ಗಿಸಿ ತರಕಾರಿ ಹೆಚ್ಚತೊಡಗಿದರು. ಗೋಡೆಯ ಮೇಲೆ ಸೇವಾಕರ್ತರ ಪಟ್ಟಿ, ಅದರಲ್ಲಿ ನವರಾತ್ರಿಯಲ್ಲಿ ಸೇರಿಸಿದ್ದ ನನ್ನ ಹೆಸರು ಇನ್ನೂ ಹಾಗೇ ಇತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದರು.

"ಈ ಹೆಸರು ಅಳಿಸಿ," ಎಂದರು ಎಲ್ಲರಿಗೂ ಕೇಳುವಂತೆ. "ನಮ್ಮ ಸೊಸೆ ದುಡ್ಡು ತಗೊಂಡೇ ಮಾಡಿರೋದು. ಚೆನ್ನಾಗಿ ಮಾಡಿದಾಳೆ."

ಆಮೇಲೆ ಚಿಮಣಿಯ ಸ್ವಿಚ್ ಒತ್ತಿ, ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಿದರು. ಆ ಘಾಟಿಗೆ ಯಾರೂ ಕೆಮ್ಮಲಿಲ್ಲ.