ಮುಗಿಸದೆ ಬಿಟ್ಟ ಮಂಗಳ

ಸಂಜೆ ಆರೂ ಹತ್ತಕ್ಕೆ ದೋಣಿಯ ಎಂಜಿನ್ ಕೆಮ್ಮಿ ನಿಂತಿತು. ಕಾಪುವಿನ ಕಡಲಿನಲ್ಲಿ ನಾವಿಬ್ಬರೇ: ನನ್ನ ಸೋದರಮಾವ, ಮತ್ತು ಮಣಿಪಾಲದಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು. ಮೊಬೈಲ್ ಇನ್ನೂ ನಮ್ಮೂರಿನ ದೋಣಿ ಹತ್ತಿರಲಿಲ್ಲ. ಮಳೆ ನಿಂತ ಮೇಲೆ ಕವಿದ ಮಂಜು ದಡವನ್ನೂ ಲೈಟ್‌ಹೌಸಿನ ಬೆಳಕನ್ನೂ ನುಂಗಿಬಿಟ್ಟಿತ್ತು. ಅದರ ಬುಡದ ಬಂಡೆಗಳು ನಮಗೆ ಎಡಕ್ಕೋ ಬಲಕ್ಕೋ, ತಿಳಿಯದು.

"ಎಂತ ಮಾಡುವುದು ಮಾವ?"

"ಹುಟ್ಟು ಹಾಕು. ಎತ್ತ ಅಂತ ಕೇಳಬೇಡ ಮಾರಾಯ, ನನಗೂ ಗೊತ್ತಿಲ್ಲ."

ಆಗ ತಾಳ ಕೇಳಿಸಿತು. ಅಂದು ಶನಿವಾರ, ದಡದ ಮಂದಿರದಲ್ಲಿ ನಮ್ಮ ಭಜನಾ ಮಂಡಳಿ ಕೂತಿತ್ತು.

ಅಜ್ಜಂದಿರ ಕಾಲದಲ್ಲಿ, ಬಲೆ ಇಡುವ, ತೆಂಗಿನ ಮಡಲು ಹೊದಿಸಿದ ಕೊಟ್ಟಿಗೆಯಲ್ಲಿ ಶುರುವಾದ ಮಂಡಳಿ ಅದು. ಎಲ್ಲರೂ ಮೀನುಗಾರ ಗಂಡಸರು. ಟೆಂಪೋ ಹತ್ತಿ ಕಾರ್ಕಳ, ಅಜೆಕಾರಿನವರೆಗೂ ಹೋಗಿ ಹಾಡಿ ಬರುತ್ತಿದ್ದರು. ಊರ ಹಿರಿಯರಾದ ಗುರಿಕಾರರು ಒಂದು ಸೊಲ್ಲು ಹೇಳುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು. ಮಾವನ ದನಿ ಮಾತ್ರ ಯಾವಾಗಲೂ ಒಂದು ಉಸಿರು ಹಿಂದೆ.

"ನಾವೆಲ್ಲ ಮನೆಗೆ ಹೋದ ಮೇಲೆ ನೀನು ಮುಗಿಸುವುದು, ಅಲ್ವಾ?" ಎಂದು ಗುರಿಕಾರರು ಚುಚ್ಚುವರು.

"ಬಾಗಿಲು ಹಾಕಲಿಕ್ಕೆ ಒಬ್ಬ ಬೇಕಲ್ಲ ಗುರಿಕಾರರೇ" ಎಂದು ಮಾವ ನಗುವರು.

ತಾಳದ ಕಡೆಗೆ ಹುಟ್ಟು ಹಾಕಿದೆವು. ಅಷ್ಟರಲ್ಲಿ ರಾಗ ಬದಲಾಯಿತು. ಮಾವನ ಕೈ ನಿಂತಿತು.

"ಮಂಗಳ ಎತ್ತಿದರು."

ಮಂಗಳ ಮುಗಿದರೆ ಆ ದಿನ ಮತ್ತೆ ಹಾಡುವ ಕ್ರಮವಿಲ್ಲ. ತಾಳ ಕಟ್ಟಿಟ್ಟು ಎಲ್ಲರೂ ಮನೆಗೆ. ನಮಗೋ ಆ ಹಾಡಲ್ಲದೆ ಬೇರೆ ದಿಕ್ಕಿರಲಿಲ್ಲ. ಎಲ್ಲೋ ಹತ್ತಿರದಲ್ಲೇ ಅಲೆ ಕಲ್ಲಿಗೆ ಬಡಿಯುತ್ತಿತ್ತು. ನಾನು ಬೊಬ್ಬೆ ಹೊಡೆದೆ.

"ಬೊಬ್ಬೆ ಬೇಡ, ತಾಳದಲ್ಲಿ ಮುಳುಗಿಹೋಗ್ತದೆ. ಅವರು ಉಸಿರು ತೆಗೆಯುವಾಗ ಹಾಡು."

ದಡದವರು ಸೊಲ್ಲು ಮುಗಿಸಿದ ಆ ಚಿಕ್ಕ ಬಿಡುವಿನಲ್ಲಿ ಮಾವ ಅದನ್ನೇ ಎತ್ತಿದರು, ಎಂದಿನಂತೆ ತಡವಾಗಿ. ನಾನೂ ಕೂಡಿಕೊಂಡೆ. ಮುಂದಿನ ಸೊಲ್ಲಿಗೂ ಹಾಗೆಯೇ. ಒಮ್ಮೆಲೇ ದಡ ಮೌನವಾಯಿತು. ಆ ಮೌನ ಇಂದಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ಗುರಿಕಾರರ ಒಂಟಿ ದನಿ ಎದ್ದಿತು. ಮಂಗಳದ ಮೊದಲ ಸೊಲ್ಲು! ಹಿಂದೆಯೇ ಇಡೀ ಮಂಡಳಿ. ಹಾಡು ಮಂದಿರ ಬಿಟ್ಟು, ಮರಳಿಗಿಳಿದು, ನೀರಿನ ಅಂಚಿಗೆ ಬರುವುದು ನಮಗೆ ಕೇಳಿಸುತ್ತಿತ್ತು. ಕೊನೆಯ ಸೊಲ್ಲು ಬರಬೇಕಾದಾಗಲೆಲ್ಲ ಅದನ್ನು ಬಿಟ್ಟು ಮತ್ತೆ ಮೊದಲಿಗೆ ಹೋಗುತ್ತಿದ್ದರು. ಬಂಡೆಯ ಸದ್ದು ಬಲಕ್ಕೆ ಉಳಿಯಿತು. ಕೊನೆಗೆ ನಮ್ಮ ದೋಣಿಯನ್ನು ಹಿಡಿದವರು ಎದೆಮಟ್ಟದ ನೀರಿನಲ್ಲಿ ನಿಂತು ಇನ್ನೂ ಹಾಡುತ್ತಲೇ ಇದ್ದರು. ಅಷ್ಟು ದೊಡ್ಡ ದನಿಯನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಗುರಿಕಾರರು ತಮ್ಮ ಬೈರಾಸಿನಿಂದ ಮಾವನ ತಲೆ ಒರೆಸುತ್ತ, "ಇಂಥ ತಡ ದನಿ ಊರಲ್ಲಿ ಬೇರೆ ಯಾರದ್ದುಂಟು?" ಎಂದರು. ಮಂಗಳ ಮುಗಿಸುವುದು ಯಾರಿಗೂ ನೆನಪಾಗಲಿಲ್ಲ.

ಆ ವಾರವಿಡೀ ಕಣ್ಣು ಮುಚ್ಚಿದರೆ ತಾಳ ನಿಲ್ಲುತ್ತಿತ್ತು, ಅಲೆ ಕಲ್ಲಿಗೆ ಬಡಿಯುತ್ತಿತ್ತು. ಬೆವರಿ ಎದ್ದು ಕೂರುತ್ತಿದ್ದೆ. ಮುಂದಿನ ಶನಿವಾರ ಗುರಿಕಾರರು ಬಾಕಿ ಉಳಿದಿದ್ದ ಆ ಕೊನೆಯ ಸೊಲ್ಲನ್ನೇ ಮೊದಲು ಹೇಳಿದರು. ನಾವೆಲ್ಲ ತಿರುಗಿ ಹೇಳಿ, ಮಾವನಿಗಾಗಿ ಕಾದೆವು. ಅವರು ಒಂದು ಉಸಿರು ತಡವಾಗಿ ಮುಗಿಸಿದರು.

ಅಂದು ಮಲಗಿದವನು ಬೆಳಗಾದ ಮೇಲೆಯೇ ಎದ್ದೆ.